ಮುಳ್ಳು ಇಟ್ಟಷ್ಟೂ ಸವೆಯುವ ಪ್ಲೇಟು: ನಾರ್ದರ್ನ್ ಸೋಲ್ ಸಂಗ್ರಹದ ನನ್ನ ಅನುಭವ

ಸಾಗರದಲ್ಲಿ ನನ್ನ ಸೋದರಮಾವ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆಯಿರಲಿ, ಗಣಪತಿ ಹಬ್ಬವಿರಲಿ, ಬೆಳಗಿನ ಜಾವವೇ ಹೋಗಿ ಅಡಿಕೆ ಮರಕ್ಕೆ ಹಾರ್ನ್ ಕಟ್ಟಿ, ಮೊದಲು ದೇವರ ನಾಮದ ಪ್ಲೇಟು, ಆಮೇಲೆ ಸಿನಿಮಾ ಹಾಡಿನ ಪ್ಲೇಟು ಹಾಕುವುದು ಅವರ ಕ್ರಮವಾಗಿತ್ತು. ಅವರ ಬಳಿ ಉಳಿದಿದ್ದ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟುಗಳಿಗೆ ಉಕ್ಕಿನ ಮುಳ್ಳು ಬೇಕಿತ್ತು, ಅದನ್ನು ಪ್ರತಿ ಹಾಡಿಗೂ ಬದಲಿಸಬೇಕಿತ್ತು. ನನಗೆ ಎಂಟು ವರ್ಷವಾಗಿದ್ದಾಗ ಆ ಕೆಲಸವನ್ನು ಅವರು ನನಗೆ ವಹಿಸಿದ್ದರು. ಒಮ್ಮೆ ನಾನು ಸೋಮಾರಿತನದಿಂದ ಹಳೆಯ ಮುಳ್ಳನ್ನೇ ಇಟ್ಟಾಗ ಅವರು ಕೈ ಹಿಡಿದು ಹೇಳಿದ ಮಾತು ಇನ್ನೂ ನೆನಪಿದೆ: “ಮುಳ್ಳು ಇನ್ನೊಂದು ಸಿಗ್ತದೆ ಮಾರಾಯ, ಪ್ಲೇಟು ಸಿಗೂದಿಲ್ಲ.”

ಈಗ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ನೆಲೆಸಿ, ವರ್ಷಕ್ಕೆ ಏಳೆಂಟು ರಾತ್ರಿ ನಾರ್ದರ್ನ್ ಸೋಲ್ ಕೂಟಗಳಲ್ಲಿ, ಅಂದರೆ ಹಳೆಯ ಅಮೆರಿಕನ್ ಸೋಲ್ ಹಾಡುಗಳಿಗೆ ಕುಣಿಯುವ ಕೂಟಗಳಲ್ಲಿ, ಪ್ಲೇಟು ಹಾಕುವ ನಾನು ಆ ಮಾತನ್ನು ಪ್ರತಿ ಬಾರಿಯೂ ನೆನೆಯುತ್ತೇನೆ. ಇಲ್ಲಿನವರು ಇದನ್ನು ರೆಕಾರ್ಡ್ ಎನ್ನುತ್ತಾರೆ, ಆದರೆ ನನ್ನ ಬಾಯಲ್ಲಿ ಅದು ಇಂದಿಗೂ ಪ್ಲೇಟೇ ಆಗಿರುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಔಷಧ ವಿಭಾಗದ ಕೆಲಸಕ್ಕೆಂದು 2004ರಲ್ಲಿ ಈ ಊರಿಗೆ ಬಂದೆ. ರಾತ್ರಿ ಪಾಳಿಯಲ್ಲಿ ನನ್ನ ಜೊತೆಗಿದ್ದ ಹಿರಿಯ ದಾದಿಯೊಬ್ಬರು ತಮ್ಮ ಹದಿಹರೆಯದಲ್ಲಿ ಪ್ರತಿ ಶನಿವಾರ ರಾತ್ರಿ ವಿಗನ್ ಕ್ಯಾಸಿನೊಗೆ ಹೋಗುತ್ತಿದ್ದವರು. ಹೆಸರು ಕ್ಯಾಸಿನೊ ಎಂದಿದ್ದರೂ ಅದು ಜೂಜಿನ ಮನೆಯಲ್ಲ, ಹಳೆಯ ನೃತ್ಯಶಾಲೆ. 1973ರ ಸೆಪ್ಟೆಂಬರ್‌ನಿಂದ 1981ರ ಡಿಸೆಂಬರ್‌ವರೆಗೆ ಅಲ್ಲಿ ನಡುರಾತ್ರಿ ಕಳೆದ ಮೇಲೆ ಆರಂಭವಾದ ಕುಣಿತ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತಿತ್ತು. ಮದ್ಯ ಮಾರಲು ಪರವಾನಗಿ ಇರಲಿಲ್ಲ, ಜನ ಬರುತ್ತಿದ್ದುದು ಹಾಡಿಗಾಗಿ ಮತ್ತು ಮರದ ನೆಲಕ್ಕಾಗಿ. ಕೊನೆಯಲ್ಲಿ ಪ್ರತಿ ವಾರವೂ ಅವೇ ಮೂರು ಹಾಡುಗಳನ್ನು ಹಾಕಿ ಕೂಟವನ್ನು ಮುಗಿಸುತ್ತಿದ್ದರು, ಅವಕ್ಕೆ ‘ಎಂಟಕ್ಕೆ ಮುಂಚಿನ ಮೂರು’ ಎಂದೇ ಹೆಸರಾಗಿತ್ತು. ಈ ಎಲ್ಲವನ್ನೂ ಅವರು ಔಷಧದ ಪಟ್ಟಿ ತಾಳೆ ನೋಡುತ್ತ ನನಗೆ ಹೇಳಿದ್ದರು. ನನ್ನನ್ನು ಮೊದಲ ಬಾರಿಗೆ ಸ್ಟೋಕ್‌ನ ಕಿಂಗ್ಸ್ ಹಾಲ್‌ಗೆ ಕರೆದುಕೊಂಡು ಹೋದವರೂ ಅವರೇ.

ತಿಳಿಯದವರಿಗಾಗಿ ಎರಡು ಮಾತು. ನಾರ್ದರ್ನ್ ಸೋಲ್ ಹಾಡುಗಳು ಹುಟ್ಟಿದ್ದು ಅಮೆರಿಕದಲ್ಲಿ, ಬಹುಪಾಲು 1960ರ ದಶಕದ ನಡುವಿನ ವರ್ಷಗಳಲ್ಲಿ, ಡೆಟ್ರಾಯಿಟ್, ಶಿಕಾಗೊ, ಫಿಲಡೆಲ್ಫಿಯ, ಲಾಸ್ ಏಂಜಲೀಸ್ ನಗರಗಳ ಕಪ್ಪು ಜನಾಂಗದ ಗಾಯಕರಿಂದ. ಮೋಟೌನ್ ಎಂಬ ಹಾಡಿನ ಕಂಪನಿಯ ಯಶಸ್ಸನ್ನು ಕಂಡು ನೂರಾರು ಸಣ್ಣ ಹಾಡಿನ ಕಂಪನಿಗಳು, ಅಂದರೆ ಲೇಬಲ್‌ಗಳು ಅದೇ ಬಿರುಸಿನ ತಾಳದಲ್ಲಿ ಹಾಡು ಮುದ್ರಿಸಿದವು. ಡೆಟ್ರಾಯಿಟ್‌ನ ರಿಕ್-ಟಿಕ್‌ನಂಥ ಲೇಬಲ್ಲಿಗೆ ಮೋಟೌನ್‌ನ ವಾದ್ಯಗಾರರೇ ಗುಟ್ಟಾಗಿ ಬಂದು ನುಡಿಸುತ್ತಿದ್ದುದೂ ಉಂಟು. ಅವುಗಳಲ್ಲಿ ಹೆಚ್ಚಿನ ಪ್ಲೇಟುಗಳು ಮಾರಾಟವಾಗದೆ ಗೋದಾಮು ಸೇರಿದವು. ಅವುಗಳಿಗೆ ಎರಡನೆಯ ಬದುಕು ಸಿಕ್ಕಿದ್ದು ಇಂಗ್ಲೆಂಡಿನ ಉತ್ತರ ಮತ್ತು ಮಧ್ಯ ಭಾಗದ ಊರುಗಳಲ್ಲಿ: ಮ್ಯಾಂಚೆಸ್ಟರ್‌ನ ಟ್ವಿಸ್ಟೆಡ್ ವೀಲ್, ನಮ್ಮ ಸ್ಟೋಕ್‌ನದೇ ಭಾಗವಾದ ಟನ್‌ಸ್ಟಲ್‌ನ ಟಾರ್ಚ್, ಬ್ಲ್ಯಾಕ್‌ಪೂಲ್ ಮೆಕ್ಕಾ, ಆಮೇಲೆ ವಿಗನ್. ‘ನಾರ್ದರ್ನ್ ಸೋಲ್’ ಎಂಬ ಹೆಸರನ್ನು ಕೊಟ್ಟವರು ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ಪ್ಲೇಟಿನ ಅಂಗಡಿ ನಡೆಸುತ್ತಿದ್ದ ಪತ್ರಕರ್ತ ಡೇವ್ ಗೋಡಿನ್. ಉತ್ತರದಿಂದ ಫುಟ್‌ಬಾಲ್ ಪಂದ್ಯಕ್ಕೆ ಬಂದ ಹುಡುಗರು ಹೊಸ ಫಂಕ್ ಹಾಡುಗಳನ್ನು ಬಿಟ್ಟು ಹಳೆಯ ಬಿರುಸಿನ ಹಾಡುಗಳನ್ನೇ ಕೇಳುತ್ತಿದ್ದುದರಿಂದ, ಅವರಿಗೆ ಏನು ತೋರಿಸಬೇಕೆಂದು ಅಂಗಡಿಯವರಿಗೆ ತಿಳಿಯಲೆಂದು ಹುಟ್ಟಿದ ಗುರುತು ಅದು.

ಸಂಗ್ರಹ ಆರಂಭಿಸಿದಾಗ ನಾನು ಹಾಡಿನ ಹೆಸರುಗಳ ಹಿಂದೆ ಓಡಿದೆ. ಎರಡು ವರ್ಷ ಕಳೆದ ಮೇಲೆ, ಕಲಿಯಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಪ್ಲೇಟನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ ಎಂಬುದನ್ನು ಎಂದು ಅರಿವಾಯಿತು. ಏಳು ಇಂಚಿನ ಅಮೆರಿಕನ್ ಪ್ಲೇಟುಗಳೆಲ್ಲ ವಿನೈಲ್ ಎಂಬ ಬಾಗುವ ಪ್ಲಾಸ್ಟಿಕ್ಕಿನವಲ್ಲ. ಅವುಗಳಲ್ಲಿ ಬಹಳಷ್ಟು ಸ್ಟೈರೀನ್, ಅಂದರೆ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿ ತೆಗೆದ ಗಡಸು ಬಿಲ್ಲೆಗಳು. ಅದು ಅಗ್ಗದ, ಬೇಗ ಆಗುವ ವಿಧಾನವಾಗಿತ್ತು. ವಿನೈಲ್‌ನಲ್ಲಿ ನಡುವಿನ ಕಾಗದದ ಲೇಬಲ್ ಪ್ಲೇಟಿನ ಜೊತೆಗೇ ಒತ್ತಿ ಕೂತಿರುತ್ತದೆ, ಸ್ಟೈರೀನ್‌ನಲ್ಲಿ ಅದನ್ನು ಆಮೇಲೆ ಅಂಟಿಸಿರುತ್ತಾರೆ, ಹಾಗಾಗಿ ಹಳೆಯ ಅಂಟು ಬಿಟ್ಟು ಲೇಬಲ್ಲಿನ ಅಂಚು ಎದ್ದಿರುವುದನ್ನು ಕಾಣಬಹುದು. ಬೆರಳ ತುದಿಯಲ್ಲಿ ಸಮತೋಲವಾಗಿ ಹಿಡಿದು ಉಗುರಿನಿಂದ ಮೆಲ್ಲನೆ ತಟ್ಟಿದರೆ ವಿನೈಲ್ ಮಂದವಾಗಿ ಸದ್ದು ಮಾಡುತ್ತದೆ, ಸ್ಟೈರೀನ್ ಚುರುಕಾಗಿ, ಸ್ವಲ್ಪ ಮೇಲಿನ ಶ್ರುತಿಯಲ್ಲಿ. ಹಿಡಿದರೆ ಹಗುರ, ಬಗ್ಗಿಸಲು ಹೋದರೆ ಮುರಿಯುತ್ತದೆ. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ತಯಾರಾದ ಪ್ಲೇಟುಗಳಾದರೆ, ಹಾಡಿನ ಗೆರೆ ಮುಗಿದು ಲೇಬಲ್ ಆರಂಭವಾಗುವವರೆಗಿನ ನುಣುಪು ಜಾಗದಲ್ಲಿ ಚಿಕ್ಕ ತ್ರಿಕೋನವೂ ಅದರ ಪಕ್ಕ ಒಂದು ಸಂಖ್ಯೆಯೂ ಕೊರೆದಿರುತ್ತವೆ. ಆ ತ್ರಿಕೋನವನ್ನು ಮೊದಲ ಬಾರಿ ಭೂತಗನ್ನಡಿಯಲ್ಲಿ ಕಂಡಾಗ ಆದ ಸಂತೋಷ ದೊಡ್ಡದು.

ಸ್ಟೈರೀನ್‌ನ ಕಷ್ಟವೆಂದರೆ ಅದು ಸವೆತವನ್ನು ಕ್ಷಮಿಸುವುದಿಲ್ಲ. ಮುಳ್ಳು ಸವೆದಿದ್ದರೆ ಅಥವಾ ಪ್ಲೇಟಿಗೆ ಒಗ್ಗದಿದ್ದರೆ ಗೆರೆಯ ಗೋಡೆಗಳು ಸೂಕ್ಷ್ಮವಾಗಿ ಚಕ್ಕೆ ಏಳುತ್ತವೆ, ಆಮೇಲೆ ಎಷ್ಟು ತೊಳೆದರೂ ‘ಸ್’ ಎಂಬ ಸದ್ದು ಹೋಗುವುದಿಲ್ಲ, ಗಾಯಕ ಸ್ವರ ಏರಿಸಿದಲ್ಲೆಲ್ಲ ಧ್ವನಿ ಒಡೆಯುತ್ತದೆ. ಅದಕ್ಕಿಂತ ಕೆಟ್ಟದ್ದು, ಹಾಡಿನ ಮೊದಲ ಸದ್ದು ಎಲ್ಲಿದೆಯೆಂದು ಹುಡುಕಲು ಮುಳ್ಳಿನ ಕೆಳಗೆ ಪ್ಲೇಟನ್ನು ಹಿಂದೆ ಮುಂದೆ ತಿರುಗಿಸುವುದು. ಅಮೆರಿಕದ ರೇಡಿಯೊ ಕೇಂದ್ರಗಳಿಂದ ಬಂದ ಪ್ರಚಾರದ ಪ್ರತಿಗಳಲ್ಲಿ ಮೊದಲ ಕೆಲವು ಸೆಕೆಂಡುಗಳು ಹೀಗೆಯೇ ಸುಟ್ಟಂತಾಗಿರುತ್ತವೆ. ಹೊರನೋಟಕ್ಕೆ ಹೊಳೆಯುವ ಪ್ಲೇಟನ್ನು ದುಡ್ಡು ಕೊಟ್ಟು ತಂದು, ಮನೆಯಲ್ಲಿ ಹಾಕಿ, ಆರಂಭದ ತಾಳವೇ ಗೊರಗೊರ ಎಂದಾಗ ಎಷ್ಟು ಬೇಸರವಾಗುತ್ತದೆಯೆಂದು ಸಂಗ್ರಹಕಾರರಿಗಷ್ಟೇ ಗೊತ್ತು. ಆದ್ದರಿಂದ ಕೇಳಿಸದೆ ಮಾರುವವರಿಂದ ನಾನು ಸ್ಟೈರೀನ್ ಕೊಳ್ಳುವುದಿಲ್ಲ. ಫೋನಿನಲ್ಲಾದರೂ ಮೊದಲ ಅರ್ಧ ನಿಮಿಷ ಕೇಳಿಸಿ ಎಂದು ವಿನಯದಿಂದ ಕೇಳುತ್ತೇನೆ. ಪ್ರಾಮಾಣಿಕರು ಅದಕ್ಕೆ ಬೇಸರಿಸುವುದಿಲ್ಲ.

ಈ ತಿಳಿವಳಿಕೆಗೆ ನಾನು ತೆತ್ತ ಬೆಲೆ 180 ಪೌಂಡ್. 2007ರಲ್ಲಿ ಒಂದು ಪ್ಲೇಟಿನ ಸಂತೆಯಲ್ಲಿ ಬಹುದಿನಗಳಿಂದ ಬಯಸಿದ್ದ ಹಾಡು ಸಿಕ್ಕಿತೆಂದು ಕೊಂಡುಕೊಂಡೆ. ಮನೆಗೆ ಬಂದ ಹಿರಿಯ ಸಂಗ್ರಹಕಾರರೊಬ್ಬರು ಅದನ್ನು ಕೈಗೆತ್ತಿಕೊಂಡು, ಹಾಡು ಕೇಳುವ ಮೊದಲೇ, ಒಮ್ಮೆ ತಟ್ಟಿ ಮೇಜಿನ ಮೇಲಿಟ್ಟರು. ಮೂಲ ಮುದ್ರಣ ಸ್ಟೈರೀನ್‌ನಲ್ಲಿ ಮಾತ್ರ ಬಂದಿತ್ತು, ನನ್ನ ಕೈಯಲ್ಲಿದ್ದುದು ವಿನೈಲ್, ಆದ್ದರಿಂದ ಅದು 1970ರ ದಶಕದ ಕಳ್ಳ ಮುದ್ರಣವೇ ಸರಿ ಎಂದು ವಿವರಿಸಿದರು. ಮತ್ತೆ ನೋಡಿದಾಗ ಲೇಬಲ್ಲಿನ ಅಕ್ಷರಗಳ ಅಂಚು ಫೋಟೊದಿಂದ ತೆಗೆದ ನಕಲಿನಂತೆ ಮಸುಕಾಗಿದ್ದುದೂ ಕಂಡಿತು. ಆ ಪ್ಲೇಟನ್ನು ನಾನು ಮಾರಲಿಲ್ಲ, ಇನ್ನೊಬ್ಬರಿಗೆ ಅದೇ ಮೋಸ ಮುಂದುವರಿಯಬಾರದೆಂದು ಲೇಬಲ್ಲಿನ ಮೇಲೆ ಶಾಯಿಯಲ್ಲಿ ‘ನಕಲು’ ಎಂದು ಬರೆದು ಇಟ್ಟುಕೊಂಡಿದ್ದೇನೆ. ಹೊಸದಾಗಿ ಸಂಗ್ರಹ ಆರಂಭಿಸುವವರ ಕೈಗೆ ಅದನ್ನೂ ಒಂದು ಅಸಲಿಯನ್ನೂ ಒಟ್ಟಿಗೆ ಕೊಟ್ಟು ತಟ್ಟಿ ನೋಡಲು ಹೇಳುತ್ತೇನೆ.

ಅಸಲಿ ಪ್ಲೇಟನ್ನೇ ಹಾಕಬೇಕೆಂಬ ನಿಯಮ ನಮ್ಮ ಕೂಟಗಳಲ್ಲಿ ಬಿಗಿಯಾಗಿದೆ. ಕಳ್ಳ ಮುದ್ರಣದಿಂದ ಹಾಡಿದವರಿಗೆ ಬಿಡಿಗಾಸೂ ಸೇರುವುದಿಲ್ಲ ಎಂಬುದು ಅದಕ್ಕೆ ಕೊಡುವ ಮುಖ್ಯ ಕಾರಣ. ಇದನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧದಷ್ಟು ಮಾತ್ರ. ನಾನು ಮುನ್ನೂರು ಪೌಂಡ್ ಕೊಟ್ಟು ಕೊಂಡ ಅಸಲಿಯಿಂದಲೂ ಗಾಯಕನಿಗೆ ಏನೂ ಸೇರುವುದಿಲ್ಲ, ಅದು ಒಬ್ಬ ಸಂಗ್ರಹಕಾರನಿಂದ ಇನ್ನೊಬ್ಬನಿಗೆ ಹೋಗುತ್ತದೆ, ಅಷ್ಟೆ. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ನ ‘ಸೋಲ್’ ಎಂಬ ಲೇಬಲ್ಲಿಗೆ ಹಾಡಿದ ಒಂದು ಪ್ಲೇಟಿನ ಪ್ರಚಾರದ ಪ್ರತಿಗಳನ್ನು ಕಂಪನಿಯೇ ನಾಶಮಾಡಿಸಿ, ಬೆರಳೆಣಿಕೆಯಷ್ಟು ಉಳಿದ ಕಾರಣ ಒಂದು ಪ್ರತಿ 2009ರಲ್ಲಿ 25,000 ಪೌಂಡ್‌ಗೂ ಹೆಚ್ಚಿಗೆ ಮಾರಾಟವಾಯಿತು. ಆ ಹಣಕ್ಕೂ ಹಾಡಿದವರಿಗೂ ಸಂಬಂಧವಿಲ್ಲ. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಇದೇ ಹಾಡನ್ನು ‘ಎಡ್ಡಿ ಫಾಸ್ಟರ್’ ಎಂಬ ಸುಳ್ಳು ಹೆಸರಿನಲ್ಲಿ ಹಾಕುತ್ತಿದ್ದರು. ಎದುರಾಳಿ ಡಿಜೆಗಳಿಗೆ ಹಾಡಿನ ಗುರುತು ಸಿಗಬಾರದೆಂದು ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಹೆಸರು ಬದಲಿಸುವ ಪದ್ಧತಿ ಆಗ ಸಾಮಾನ್ಯವಾಗಿತ್ತು, ಈಗಲೂ ಅಲ್ಲಲ್ಲಿ ಇದೆ. ನನ್ನ ಪ್ಲೇಟುಗಳ ಮೇಲೆ ನಾನು ಕಾಗದ ಅಂಟಿಸಿಲ್ಲ, ಅಂಟಿಸುವುದೂ ಇಲ್ಲ. ತನ್ನ ಊರಿನಲ್ಲೇ ಒಮ್ಮೆ ಮರೆತುಹೋದ ಗಾಯಕನ ಹೆಸರನ್ನು ನಾವು ಎರಡನೆಯ ಬಾರಿ ಅಳಿಸಬಾರದು. ಹಾಗಾಗಿ ನಾನು ಅಸಲಿಯನ್ನು ಕೂಟಕ್ಕೆ ಒಯ್ಯುತ್ತೇನೆ, ಅದೇ ಹಾಡು ಕೆಂಟ್‌ನಂಥ, ಹಕ್ಕು ಪಡೆದು ಮರುಮುದ್ರಿಸುವ ಲೇಬಲ್‌ನಲ್ಲಿ ಇದ್ದರೆ ಅದನ್ನೂ ತಪ್ಪದೆ ಕೊಳ್ಳುತ್ತೇನೆ. ಮನೆಯಲ್ಲಿ ದಿನವೂ ಕೇಳುವುದು ಆ ಮರುಮುದ್ರಣವನ್ನೇ. ಇದರಿಂದ ಅಸಲಿಯೂ ಸವೆಯುವುದಿಲ್ಲ.

ಹಾಕುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಹಾಡು ಎರಡೂವರೆ ನಿಮಿಷದ ಆಸುಪಾಸು ಇರುವುದರಿಂದ ಒಂದು ಗಂಟೆಯ ಸರದಿಗೆ 22ರಿಂದ 24 ಪ್ಲೇಟು ಬೇಕಾಗುತ್ತವೆ. ನಾನು 40 ಒಯ್ಯುತ್ತೇನೆ. ಇಲ್ಲಿ ಒಂದು ಹಾಡಿನೊಳಗೆ ಇನ್ನೊಂದನ್ನು ಬೆರೆಸುವ ವಾಡಿಕೆಯಿಲ್ಲ, ಪ್ರತಿ ಹಾಡೂ ತಾನಾಗಿ ಮುಗಿದು, ಜನ ಚಪ್ಪಾಳೆ ತಟ್ಟಿ, ಮುಂದಿನದು ಆರಂಭವಾಗುತ್ತದೆ. ಅಮೆರಿಕನ್ ಪ್ಲೇಟಿನ ನಡುವಿನ ತೂತು ಒಂದೂವರೆ ಇಂಚಿನದಾದ್ದರಿಂದ ಅದಕ್ಕೆ ಹೊಂದುವ ಲೋಹದ ಬಿಲ್ಲೆ ಎರಡು ಯಾವಾಗಲೂ ಜೇಬಿನಲ್ಲಿರುತ್ತವೆ. ಮುಳ್ಳು ಗುಂಡು ತುದಿಯದೇ ಆಗಬೇಕು, ಅದನ್ನು ನಾನೇ ಒಯ್ಯುತ್ತೇನೆ, ಸಭಾಂಗಣದ ಮುಳ್ಳನ್ನು ನಂಬುವುದಿಲ್ಲ. 2018ರಲ್ಲಿ ಶೂರ್ ಕಂಪನಿ ಮುಳ್ಳು ಕೂರಿಸುವ ಪಿಕಪ್‌ನ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ನಾನು ಬಳಸುತ್ತಿದ್ದ ಮಾದರಿಯ ಆರು ಮುಳ್ಳುಗಳನ್ನು ಒಂದೇ ವಾರದಲ್ಲಿ ಕೊಂಡಿಟ್ಟೆ, ಈಗ ಎರಡು ಉಳಿದಿವೆ.

ಸ್ಟೈರೀನ್ ಪ್ಲೇಟನ್ನು ಹಿಂದಕ್ಕೆ ತಿರುಗಿಸುವಂತಿಲ್ಲವಾದ್ದರಿಂದ ಅದರ ಆರಂಭವನ್ನು ಲೆಕ್ಕದಿಂದಲೇ ಹಿಡಿಯಬೇಕು. ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ ಒಂದು ಸೆಕೆಂಡು ಮತ್ತು ಅದರ ಮೂರನೆಯ ಒಂದು ಭಾಗ ಹಿಡಿಯುತ್ತದೆ, ಅಂದರೆ ಮೂರು ಸುತ್ತಿಗೆ ಸರಿಯಾಗಿ ನಾಲ್ಕು ಸೆಕೆಂಡು. ಮುಳ್ಳನ್ನು ಅಂಚಿನ ಖಾಲಿ ಗೆರೆಯಲ್ಲಿ ಇಟ್ಟ ಮೇಲೆ ಮೊದಲ ಡ್ರಮ್ ಏಟಿಗೆ ಎಷ್ಟು ಸುತ್ತು ಬೇಕೆಂದು ಪ್ರತಿ ಪ್ಲೇಟಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹಿಂದಿನ ಹಾಡು ಮಸುಕಾಗಿ ಮುಗಿಯುತ್ತಿದ್ದಂತೆ ಮನಸ್ಸಿನಲ್ಲಿ ಎಣಿಸಿ ಮುಳ್ಳು ಇಳಿಸುತ್ತೇನೆ. ನೆಲದ ಮೇಲಿನವರಿಗೆ ಆ ಎರಡು ಮೂರು ಸೆಕೆಂಡಿನ ಮೌನ ತೊಡಕಲ್ಲ, ಬೂಟಿನ ಚರ್ಮದ ಅಟ್ಟೆ ಜಾರಲೆಂದು ಪೌಡರ್ ಚಿಮುಕಿಸಿಕೊಂಡು ಅವರು ಮುಂದಿನ ಹಾಡಿಗೆ ಕಾಯುತ್ತಿರುತ್ತಾರೆ.

ನನ್ನ ಮೊದಲ ಸರದಿಯಲ್ಲಿ ನಾನು ನನ್ನಲ್ಲಿದ್ದ ಅತಿ ಅಪರೂಪದ ಹತ್ತು ಪ್ಲೇಟುಗಳನ್ನು ಒಂದರ ಹಿಂದೆ ಒಂದು ಹಾಕಿದೆ. ನಾಲ್ಕನೆಯದರ ಹೊತ್ತಿಗೆ ನೆಲ ಅರ್ಧ ಖಾಲಿಯಾಗಿತ್ತು. ಅಪರೂಪವೆಂಬುದು ಸಂಗ್ರಹಕಾರನ ಕಪಾಟಿನ ಗುಣ, ಕುಣಿಯುವವರ ಕಾಲಿಗೆ ಅದು ತಿಳಿಯುವುದಿಲ್ಲ. ಅಂದಿನಿಂದ ಎಲ್ಲರೂ ಬಲ್ಲ ಎರಡು ಹಾಡಿನ ನಡುವೆ ಮಾತ್ರ ಯಾರೂ ಕೇಳದ ಒಂದನ್ನು ಇಡುತ್ತೇನೆ. ಹೊಸ ಹಾಡಿಗೆ ಜನ ಮೊದಲ ಸಲ ನಿಂತು ಕೇಳುತ್ತಾರೆ, ಎರಡನೆಯ ಕೂಟದಲ್ಲಿ ಅಂಚಿನವರು ಕುಣಿಯುತ್ತಾರೆ, ಮೂರನೆಯದರಲ್ಲಿ ನಡುವಿನವರು ಬರುತ್ತಾರೆ. ಅಷ್ಟು ತಾಳ್ಮೆಯಿಲ್ಲದವರು ಒಳ್ಳೆಯ ಹಾಡುಗಳನ್ನು ಒಂದೇ ರಾತ್ರಿಗೆ ಕೈಬಿಟ್ಟಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ನನ್ನ ಬಳಿ ಲಾಸ್ ಏಂಜಲೀಸ್‌ನ ಸಣ್ಣ ಲೇಬಲ್ ಒಂದರ ಪ್ಲೇಟಿದೆ, ತ್ರಿಕೋನದ ಗುರುತಿರುವ ಸ್ಟೈರೀನ್. ಒಬ್ಬ ಗಾಯಕಿ, ಹಿಂದೆ ವೈಬ್ರಫೋನು, ಎರಡನೆಯ ಚರಣದಲ್ಲಿ ಅವಳ ಉಸಿರು ಒಳಗೆ ಎಳೆದುಕೊಳ್ಳುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಎಲ್ಲೂ ಮರುಮುದ್ರಣವಾಗಿಲ್ಲ. ಅದನ್ನು 2011ರಲ್ಲಿ ಕೊಂಡಂದಿನಿಂದ ಎಷ್ಟು ಬಾರಿ ಮುಳ್ಳು ಇಟ್ಟೆನೆಂದು ಲಕೋಟೆಯ ಒಳಬದಿಯಲ್ಲಿ ಗೆರೆ ಹಾಕುತ್ತ ಬಂದಿದ್ದೇನೆ. ಮೂವತ್ತನೆಯ ಗೆರೆ ದಾಟಿದ ಮೇಲೆ ಕೊನೆಯ ಪಲ್ಲವಿಯಲ್ಲಿ ಸಣ್ಣ ಒರಟು ಸದ್ದು ಕಾಣಿಸಿಕೊಂಡಿತು. ಡಿಜಿಟಲ್ ಪ್ರತಿ ಮಾಡಿಟ್ಟು ಪ್ಲೇಟನ್ನು ಎತ್ತಿಡು ಎಂದು ಗೆಳೆಯರು ಹೇಳಿದರು. ಪ್ರತಿ ಮಾಡಿಟ್ಟಿದ್ದೇನೆ, ಎತ್ತಿಟ್ಟಿಲ್ಲ. ಆ ಹಾಡು ಮುದ್ರಣವಾದ ಕಾಲದಲ್ಲಿ ಯಾರೂ ಅದಕ್ಕೆ ಕುಣಿಯಲಿಲ್ಲ, ಈಗ ಕುಣಿಯುವವರಿದ್ದಾರೆ. ವರ್ಷಕ್ಕೆ ಎರಡು ಸಲ, ಹೊಸ ಮುಳ್ಳಿನಲ್ಲಿ, ತುಂಬಿದ ನೆಲವಿದ್ದಾಗ ಮಾತ್ರ ಹಾಕುವುದೆಂದು ತೀರ್ಮಾನಿಸಿದ್ದೇನೆ. ಈವರೆಗೆ 41 ಗೆರೆಗಳಾಗಿವೆ. ಮುಂದಿನದು ಅಕ್ಟೋಬರಿನ ಕೂಟಕ್ಕೆ, ರಾತ್ರಿ ಎರಡರ ಹೊತ್ತಿಗೆ. ಆ ದಾದಿಯವರೂ ಬರುತ್ತೇನೆಂದಿದ್ದಾರೆ.