ಮೊದಲು ಒಂದು ಪದವನ್ನು ಸರಿಯಾಗಿ ಬೀಳಿಸಿ: ಅಕ್ಷರಗಳಿಂದ ಮೋಷನ್ ಗ್ರಾಫಿಕ್ಸ್ ಕಲಿಯುವ ಬಗೆ

ಮೋಷನ್ ಗ್ರಾಫಿಕ್ಸ್, ಅಂದರೆ ಅಕ್ಷರ, ಆಕಾರ, ಲೋಗೋಗಳನ್ನು ಪರದೆಯ ಮೇಲೆ ಚಲಿಸುವಂತೆ ಮಾಡುವ ಕೆಲಸ, ಕಲಿಯಬೇಕು ಅಂತ ಅಡೋಬಿಯ ಅನಿಮೇಷನ್ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್ ತೆರೆದವರಲ್ಲಿ ಜಾಸ್ತಿ ಜನ ಮೊದಲ ದಿನವೇ ಎಫೆಕ್ಟ್ಸ್ ಮೆನುವಿಗೆ ಹೋಗುತ್ತಾರೆ. ಗ್ಲೋ ಹಾಕುತ್ತಾರೆ, ಪಾರ್ಟಿಕಲ್ ಹಾಕುತ್ತಾರೆ, ಟೆಂಪ್ಲೇಟ್ ಇಳಿಸಿಕೊಂಡು ಹೆಸರು ಬದಲಿಸುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ತಿಂಗಳುಗಟ್ಟಲೆ ಕೂತರೂ ಒಂದು ಪದ ಪರದೆಗೆ ಬಂದು ನೆಟ್ಟಗೆ ನಿಲ್ಲುವಂತೆ ಮಾಡಲು ಬರಲಿಲ್ಲ. ಆಮೇಲೆ ಎಲ್ಲ ಬದಿಗಿಟ್ಟು ಬರೀ ಅಕ್ಷರಗಳ ಜೊತೆ ಕೂತೆ, ಕಲಿಕೆ ಶುರುವಾದದ್ದು ಆಗಲೇ. ಅಕ್ಷರವೇ ಯಾಕೆ ಅಂದರೆ, ಚಿತ್ರ ಬಿಡಿಸುವ ಕೆಲಸ ಇಲ್ಲ, ರೂಪ ಆಗಲೇ ಸಿದ್ಧವಾಗಿದೆ, ನಿಮ್ಮ ಕೈಯಲ್ಲಿ ಉಳಿಯುವುದು ಟೈಮಿಂಗ್ ಒಂದೇ. ಈ ಕೆಲಸದ ಜೀವ ಇರುವುದೂ ಅಲ್ಲೇ.

ಹೊಸ ಕಾಂಪೊಸಿಷನ್ (ಕೆಲಸ ಮಾಡುವ ಪರದೆ ಮತ್ತು ಅದರ ಟೈಮ್‌ಲೈನ್) ತೆರೆಯಿರಿ. ಅಳತೆ 1920×1080, ಸೆಕೆಂಡಿಗೆ 24 ಫ್ರೇಮ್, ಉದ್ದ 3 ಸೆಕೆಂಡ್. ಅಂದರೆ ಒಟ್ಟು 72 ಫ್ರೇಮ್. ಒಂದು ಬಣ್ಣದ ಹಿನ್ನೆಲೆ, ಒಂದೇ ಫಾಂಟ್. ಪೊಸಿಷನ್ (ಜಾಗ), ಸ್ಕೇಲ್ (ಗಾತ್ರ), ರೊಟೇಷನ್ (ತಿರುಗು), ಒಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕು), ಈ ನಾಲ್ಕು ಬಿಟ್ಟು ಬೇರೇನೂ ಮುಟ್ಟಬೇಡಿ. ಆಫ್ಟರ್ ಎಫೆಕ್ಟ್ಸ್ ಇಲ್ಲ ಅಂದರೂ ಚಿಂತೆ ಇಲ್ಲ. ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಇಂಥ ಕೆಲಸಕ್ಕೆ ಫ್ಯೂಷನ್ ಅನ್ನುವ ವಿಭಾಗ ಇದೆ, 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಪೂರ್ತಿ ಉಚಿತ. ಕೀಫ್ರೇಮ್ (ಇಂಥ ಫ್ರೇಮ್‌ನಲ್ಲಿ ಪದ ಎಲ್ಲಿ, ಹೇಗೆ ಇರಬೇಕು ಅಂತ ಇಡುವ ಗುರುತು), ಗ್ರಾಫ್ (ವೇಗ ತೋರಿಸುವ ಗೆರೆ) ಎರಡೂ ಇವೆಲ್ಲದರಲ್ಲಿ ಸಿಗುತ್ತವೆ. ಮುಂದೆ ಹೇಳುವ ಕೀ, ಮೆನುಗಳು ಮಾತ್ರ ಆಫ್ಟರ್ ಎಫೆಕ್ಟ್ಸ್‌ನವು.

ಈಗ 'ಭಾರ' ಅಂತ ಟೈಪ್ ಮಾಡಿ ಮೇಲಿಂದ ಬೀಳಿಸಿ. ಎರಡು ಪೊಸಿಷನ್ ಕೀಫ್ರೇಮ್ ಇಟ್ಟು ಪ್ಲೇ ಮಾಡಿದರೆ ಲಿಫ್ಟ್ ಇಳಿದ ಹಾಗೆ ಕಾಣುತ್ತದೆ, ಯಾಕೆಂದರೆ ಶುರುವಿನಿಂದ ಕೊನೆವರೆಗೂ ಒಂದೇ ವೇಗ. ಎಲ್ಲರೂ ಆಗ ಎಫ್9 ಒತ್ತಿ ಈಸಿ ಈಸ್ ಹಾಕುತ್ತಾರೆ. ಅದೂ ಇಲ್ಲಿ ತಪ್ಪೇ. ಅದು ಎರಡೂ ತುದಿಯಲ್ಲಿ ವೇಗ ಕಡಿಮೆ ಮಾಡುತ್ತದೆ, ಆದರೆ ಭಾರದ ವಸ್ತು ನೆಲ ಹತ್ತಿರ ಬಂತು ಅಂತ ನಿಧಾನ ಆಗಲ್ಲ ಅಲ್ವಾ? ಗ್ರಾಫ್ ಎಡಿಟರ್ ತೆರೆದು ಸ್ಪೀಡ್ ಗ್ರಾಫ್ ನೋಡಿ. ಗೆರೆ ಸೊನ್ನೆಯಿಂದ ಏರುತ್ತಾ ಹೋಗಿ, ನೆಲ ಮುಟ್ಟುವ ಫ್ರೇಮ್‌ನಲ್ಲಿ ತುತ್ತತುದಿಗೆ ಬಂದು ಅಲ್ಲೇ ಕಡಿದು ಹೋಗಬೇಕು. ಬೀಳುವುದಕ್ಕೆ 8 ಫ್ರೇಮ್ ಸಾಕು. ನೆಲ ಮುಟ್ಟಿದ ಮೇಲೆ 2 ಫ್ರೇಮ್‌ನಲ್ಲಿ ಎತ್ತರ 92 ಪರ್ಸೆಂಟ್‌ಗೆ ಕುಗ್ಗಲಿ, ಅಗಲ 104ಕ್ಕೆ ಹಿಗ್ಗಲಿ, ಮುಂದಿನ 4 ಫ್ರೇಮ್‌ನಲ್ಲಿ ವಾಪಸ್ ಬರಲಿ. ಇದನ್ನು ಮಾಡುವ ಮೊದಲೇ ವೈ ಕೀ ಒತ್ತಿ ಆಂಕರ್ ಪಾಯಿಂಟನ್ನು (ಪದ ಹಿಗ್ಗುವ, ಕುಗ್ಗುವ, ತಿರುಗುವ ಕೇಂದ್ರಬಿಂದು) ಅಕ್ಷರದ ಬುಡಕ್ಕೆ ತನ್ನಿ. ಅದು ಮಧ್ಯದಲ್ಲೇ ಇದ್ದರೆ ಕುಗ್ಗುವಾಗ ಪದ ನೆಲ ಬಿಟ್ಟು ಮೇಲೆದ್ದಂತೆ ಕಾಣುತ್ತದೆ, ಭಾರವೆಲ್ಲ ಹೊರಟುಹೋಗುತ್ತದೆ.

ಉಳಿದ ಐವತ್ತಕ್ಕೂ ಹೆಚ್ಚು ಫ್ರೇಮ್ ಪದ ಸುಮ್ನೆ ನಿಂತಿರಲಿ. ಹೊಸಬರಿಗೆ ಇದೇ ಕಷ್ಟ. ಓದುವವರಿಗೆ ಸಮಯ ಬೇಕು. ಪರದೆಯ ಮೇಲಿನ ಮಾತನ್ನು ಎರಡು ಸಲ ಜೋರಾಗಿ ಓದಿ ಮುಗಿಸುವಷ್ಟು ಹೊತ್ತು ಅದು ಅಲ್ಲಾಡದೆ ಇರಬೇಕು ಅನ್ನುವುದು ನಾನು ಬಿಡದೆ ಪಾಲಿಸುವ ಲೆಕ್ಕ.

ಇದೇ ಥರ 'ಹಗುರ', 'ಜಾರು', 'ನಡುಕ', 'ನಿದ್ದೆ' ಮಾಡಿ. 'ಹಗುರ' ಇಳಿಯುವುದಕ್ಕೆ 40 ಫ್ರೇಮ್ ತೆಗೆದುಕೊಳ್ಳಲಿ, ಸ್ವಲ್ಪ ಓಲಾಡಲಿ, ರೊಟೇಷನ್ ಕೀಫ್ರೇಮ್‌ಗಳನ್ನು ಪೊಸಿಷನ್‌ಗಿಂತ 3 ಫ್ರೇಮ್ ತಡವಾಗಿ ಬರುವಂತೆ ಸರಿಸಿ. ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಇದೆ. ಪದದ ಜಾಗದಲ್ಲಿ ಬರೀ ಒಂದು ಚೌಕ ಇಟ್ಟು ಅದೇ ಚಲನೆಯನ್ನು ಗೆಳೆಯರಿಗೆ ತೋರಿಸಿ. ಯಾವ ಚೌಕ ಯಾವ ಪದ ಅಂತ ಅವರು ಗುರುತಿಸಿದರೆ ಮುಂದೆ ಹೋಗಿ.

ಇಲ್ಲಿ ಕನ್ನಡದಂಥ ಲಿಪಿಗಳಿಗೆ ಬರುವ ತೊಡಕು ಒಂದಿದೆ, ಇಂಗ್ಲಿಷ್ ಪಾಠಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡಲ್ಲ. ಪದವನ್ನು ಬಿಡಿಬಿಡಿಯಾಗಿ ಚಲಿಸುವ ಟೆಕ್ಸ್ಟ್ ಅನಿಮೇಟರ್ ಅನ್ನುವ ಸೌಲಭ್ಯ ಹಾಕಿ ಅಕ್ಷರ ಅಕ್ಷರವಾಗಿ ಹಾರಿಸಲು ಹೋದರೆ ಒತ್ತಕ್ಷರ ಒಂದು ಕಡೆ, ಮೂಲ ಅಕ್ಷರ ಒಂದು ಕಡೆ ಆಗಬಹುದು. 'ರಾಷ್ಟ್ರ' ಅನ್ನುವ ಪದದಲ್ಲಿ ಷ, ಅದರ ಕೆಳಗಿನ ಟ, ರ ಒತ್ತುಗಳು ಎಲ್ಲ ಸೇರಿ ಒಂದೇ ಅಕ್ಷರ ಅಂತ ನಮಗೆ ಗೊತ್ತು, ಸಾಫ್ಟ್‌ವೇರ್ ಅದನ್ನು ಹಾಗೇ ನೋಡುತ್ತದೆ ಅಂತ ನಂಬಬೇಡಿ. ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ಟೆಕ್ಸ್ಟ್ ಎಂಜಿನ್ ಆನ್ ಇದೆಯೇ ನೋಡಿ. ಆಮೇಲೆ ಆ ಅನಿಮೇಟರ್‌ನ ಒಳಗಿರುವ ರೇಂಜ್ ಸೆಲೆಕ್ಟರ್‌ನ ಬೇಸ್ಡ್ ಆನ್ ಅನ್ನುವ ಕಡೆ ಕ್ಯಾರೆಕ್ಟರ್ಸ್ ಬದಲು ವರ್ಡ್ಸ್ ಆರಿಸಿ. ಬಿಡಿ ಅಕ್ಷರಗಳೇ ಕುಣಿಯಬೇಕು ಅಂದರೆ ಅಡೋಬಿ ಇಲ್ಲಸ್ಟ್ರೇಟರ್‌ನಲ್ಲಿ ಪದವನ್ನು ಔಟ್‌ಲೈನ್ ಮಾಡಿ (ಟೈಪ್ ಮಾಡಿದ್ದನ್ನು ಬರೀ ಆಕಾರವಾಗಿಸಿ), ಒತ್ತು, ಗುಣಿತ ಎಲ್ಲ ಸೇರಿದ ಒಂದೊಂದು ಅಕ್ಷರವನ್ನೂ ಒಂದೊಂದು ಲೇಯರ್‌ಗೆ ಹಾಕಿ ತನ್ನಿ. ಕೆಲಸ ಜಾಸ್ತಿ, ನಿಜ. ಆದರೆ ನಮ್ಮ ಲಿಪಿ ಒಡೆದು ಕಾಣುವುದನ್ನು ನನಗಂತೂ ನೋಡಲಾಗುವುದಿಲ್ಲ. ಫಾಂಟ್ ಬೇಕಿದ್ದರೆ ಅನೇಕ್ ಕನ್ನಡ (Anek Kannada) ನೋಡಿ, ಅದು ವೇರಿಯಬಲ್ ಫಾಂಟ್, ಒಂದೇ ಕುಟುಂಬದಲ್ಲಿ ದಪ್ಪವೂ ಅಗಲವೂ ಬದಲಾಗುತ್ತವೆ.

ಮುಂದಿನ ಹೆಜ್ಜೆ 10 ಸೆಕೆಂಡಿನ ಒಂದು ಮಾತು. ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ. ಆಡಿಯೋ ಲೇಯರ್ ಆರಿಸಿ ಎಲ್ ಕೀಯನ್ನು ಎರಡು ಸಲ ಒತ್ತಿದರೆ ವೇವ್‌ಫಾರ್ಮ್ (ದನಿಯ ಏರಿಳಿತದ ಗೆರೆ) ಕಾಣುತ್ತದೆ, ಒತ್ತಿ ಹೇಳಿದ ಪದಗಳಿಗೆ ಮಾರ್ಕರ್ ಇಡಿ. ಪದ ದನಿಗಿಂತ ಒಂದೆರಡು ಫ್ರೇಮ್ ಮುಂಚೆ ಬಂದರೆ ಕಣ್ಣಿಗೆ ಸರಿಯಾಗಿ ಕೂರುತ್ತದೆ. ಎಲ್ಲ ಪದವೂ ಕುಣಿಯಬೇಕಿಲ್ಲ, ಮಾತಿನಲ್ಲಿ ನೀವು ಒತ್ತು ಕೊಟ್ಟ ಎರಡು ಪದ ಕುಣಿದರೆ ಸಾಕು.

ಇಷ್ಟಾದ ಮೇಲೆ ಬ್ರ್ಯಾಂಡ್ ಕೆಲಸಕ್ಕೆ ಬನ್ನಿ. ಇದು ಬೇರೆಯದೇ ಪಾಠ ಕಲಿಸುತ್ತದೆ, ಅದು ಹಿಡಿತ. ಇಲ್ಲದ ಒಂದು ಸಂಸ್ಥೆಯನ್ನು ಕಲ್ಪಿಸಿಕೊಂಡು ಅದರ ಸ್ವಭಾವವನ್ನು ಮೂರು ಪದದಲ್ಲಿ ಬರೆಯಿರಿ. 'ಶಾಂತ, ನಿಖರ, ಹಳೆಯ ಗೆಳೆಯನಂಥ' ಅಂತ ಬರೆದ ಮೇಲೆ ಲೋಗೋ ಪುಟಿಯುವ ಹಾಗಿಲ್ಲ. ಆ ಮೂರು ಪದಕ್ಕೆ ಹೊಂದುವ ಒಂದು ಈಸಿಂಗ್ ಕರ್ವ್ (ವೇಗ ಹೇಗೆ ಏರಿ ಇಳಿಯಬೇಕು ಅನ್ನುವ ಗೆರೆ), ಎರಡು ಅವಧಿ, ಒಂದು ದಿಕ್ಕು ನಿಗದಿ ಮಾಡಿ. ಮುಂದೆ ಮಾಡುವ ಲೋಗೋ ಅನಿಮೇಷನ್, ಮಾತಾಡುವವರ ಹೆಸರು ತೋರಿಸುವ ಹೆಸರಿನ ಪಟ್ಟಿ, ಟ್ರಾನ್ಸಿಷನ್, ಎಂಡ್ ಕಾರ್ಡ್ ಎಲ್ಲದರಲ್ಲೂ ಅದೇ ಇರಲಿ. ಐಬಿಎಂ ಕಂಪನಿ ತನ್ನ ವಿನ್ಯಾಸ ನಿಯಮಗಳ ಸಂಗ್ರಹವಾದ ಕಾರ್ಬನ್ ಡಿಸೈನ್ ಸಿಸ್ಟಮ್‌ನಲ್ಲಿ ಕೆಲಸದ ಚಲನೆ ಬೇರೆ, ಗಮನ ಸೆಳೆಯುವ ಚಲನೆ ಬೇರೆ ಅಂತ ಎರಡು ಬಗೆ ಮಾಡಿ ಕರ್ವ್‌ಗಳ ಸಮೇತ ಎಲ್ಲರಿಗೂ ಓದಲು ಇಟ್ಟಿದೆ. ಒಮ್ಮೆ ಓದಿ. 1981ರಲ್ಲಿ ಶುರುವಾದ ಸಂಗೀತದ ಟಿವಿ ಚಾನೆಲ್ ಎಂಟಿವಿಯ ಲೋಗೋವನ್ನೂ ನೋಡಿ. ಆ ದಪ್ಪ ಎಂ ಅಕ್ಷರದ ಆಕಾರ ಹಾಗೇ ಇರುತ್ತದೆ, ಬಣ್ಣ, ಮೈ, ಚಲನೆ ಮಾತ್ರ ಮತ್ತೆ ಮತ್ತೆ ಬದಲಾಗುತ್ತವೆ. ಏನು ಬದಲಾಗಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದಕ್ಕೇ ಉಳಿದದ್ದರಲ್ಲಿ ಅಷ್ಟು ಆಟ ಆಡಲು ಆಯಿತು.

ಲೋಗೋ ಅನಿಮೇಷನ್ 3 ಸೆಕೆಂಡಿನೊಳಗೆ ಮುಗಿಯಲಿ. 1920×1080 ಒಂದು, ಮೊಬೈಲಿಗೆ 1080×1920 ಇನ್ನೊಂದು. ಎರಡನೆಯದನ್ನು ಸುಮ್ನೆ ಕತ್ತರಿಸಬೇಡಿ, ಜಾಗ ನೋಡಿ ಮತ್ತೆ ಜೋಡಿಸಿ. ಬೇರೆ ವಿಡಿಯೋ ಮೇಲೆ ಕೂರಬೇಕಾದ ಹೆಸರಿನ ಪಟ್ಟಿಯನ್ನು ಆಲ್ಫಾ (ಪಾರದರ್ಶಕತೆಯ ಮಾಹಿತಿ) ಸಮೇತ ಪ್ರೋರೆಸ್ 4444 ಅನ್ನುವ ವಿಡಿಯೋ ಮಾದರಿಯಲ್ಲಿ ಕೊಡಿ, ಮಾಮೂಲಿ ಎಚ್.264 ಫೈಲಿನಲ್ಲಿ ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ. ವೆಬ್‌ಸೈಟಿಗಾದರೆ ಬಾಡಿಮೂವಿನ್ ಅನ್ನುವ ಪ್ಲಗಿನ್ ಮೂಲಕ ಲಾಟಿ (ವೆಬ್‌ಗೆ ಹೊಂದುವ ಹಗುರವಾದ ಅನಿಮೇಷನ್) ಫೈಲ್ ಮಾಡಿ, ಆದರೆ ಅದು ಆಫ್ಟರ್ ಎಫೆಕ್ಟ್ಸ್‌ನ ಎಲ್ಲ ಎಫೆಕ್ಟ್‌ಗಳನ್ನೂ ಹೊತ್ತೊಯ್ಯಲ್ಲ. ಮೊದಲಿಂದ ಬರೀ ನಾಲ್ಕು ಗುಣಗಳಲ್ಲಿ ಕೆಲಸ ಮಾಡಿದವರಿಗೆ ಇದು ತೊಂದರೆ ಆಗುವುದೂ ಇಲ್ಲ.

ಕಳಿಸುವ ಮುನ್ನ ಕೊನೆಯ ಫ್ರೇಮ್ ಮೇಲೆ ಮೂಲ ಲೋಗೋ ಫೈಲ್ ಇಟ್ಟು ಬ್ಲೆಂಡಿಂಗ್ ಮೋಡನ್ನು ಡಿಫರೆನ್ಸ್‌ಗೆ ಹಾಕಿ, ಅದು ಎರಡರ ನಡುವಿನ ವ್ಯತ್ಯಾಸ ಮಾತ್ರ ತೋರಿಸುತ್ತದೆ. ಲೋಗೋ ಜಾಗದಲ್ಲಿ ಪೂರ್ತಿ ಕಪ್ಪು ಕಂಡರೆ ಸರಿ. ಅಂಚಿನಲ್ಲಿ ತೆಳು ಗೆರೆ ಕಂಡರೆ ಯಾವುದೋ ಅಕ್ಷರ ತನ್ನ ಜಾಗಕ್ಕೆ ಬಂದು ನಿಂತಿಲ್ಲ, ಹೋಗಿ ಅದರ ಕೊನೆಯ ಕೀಫ್ರೇಮ್ ನೋಡಿ.