ಭಾಷಣ ಬಿಟ್ಟು ಚೆಕ್‌ಬುಕ್ ಕೊಟ್ಟೆವು: ನೇಪಾಳದ ಬರ್ದಿಯಾದಲ್ಲಿ ನನ್ನ ಅನುಭವ

ನೇಪಾಳದ ಹಳ್ಳಿ ಹುಡುಗಿಯರನ್ನು ಸ್ಥಳೀಯ ಚುನಾವಣೆಗೆ ತಯಾರು ಮಾಡುವ ಈ ಕೆಲಸ ಆಗೋದಿಲ್ಲ ಅಂತ ಹೇಳಿದವರ ಪಟ್ಟಿ ಉದ್ದ ಇದೆ. ದುಡ್ಡು ಕೊಡುವ ಸಂಸ್ಥೆಯವರು, ಕಠ್ಮಂಡುವಿನ ಹಿರಿಯ ತರಬೇತುದಾರರು, ಊರಿನ ಪಕ್ಷದ ಮುಖಂಡರು, ಕೊನೆಗೆ ಕೊಪ್ಪಳದಲ್ಲಿ ನನ್ನ ಜೊತೆ ಪಂಚಾಯತಿ ಸದಸ್ಯೆಯರಿಗೆ ತರಬೇತಿ ಕೊಡುತ್ತಿದ್ದ ಗೆಳತಿಯರೂ. 2022ರ ಮೇ 13ರ ಸ್ಥಳೀಯ ಚುನಾವಣೆಯ ಎಣಿಕೆ ಮುಗಿದ ಮೇಲೆ ಅವರಲ್ಲಿ ಅರ್ಧ ಜನ ಫೋನ್ ಮಾಡಿ "ಹೇಗೆ ಮಾಡಿದ್ರಿ?" ಅಂತ ಕೇಳಿದರು. ಈಗಲೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನೇಪಾಳದಲ್ಲಿ ಕೆಲಸ ಮಾಡದವರಿಗೆ ಎರಡು ಮಾತು. 2015ರ ಸಂವಿಧಾನದ ನಂತರ ಅಲ್ಲಿ 753 ಸ್ಥಳೀಯ ಸರ್ಕಾರಗಳು, 6,743 ವಾರ್ಡುಗಳು. ಪ್ರತಿ ವಾರ್ಡಿನಲ್ಲಿ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಆ ನಾಲ್ವರಲ್ಲಿ ಒಬ್ಬಳು ಮಹಿಳೆ, ಇನ್ನೊಬ್ಬಳು ದಲಿತ ಮಹಿಳೆ ಇರಲೇಬೇಕು. ಹೀಗಾಗಿ 2017ರಲ್ಲಿ ಒಂದೇ ಏಟಿಗೆ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಹೆಂಗಸರು ಗೆದ್ದು ಬಂದರು. ಆದರೆ ನಗರಪಾಲಿಕೆಯ ಮೇಯರ್ ಅಥವಾ ಗಾಂವ್‌ಪಾಲಿಕೆ, ಅಂದರೆ ಹಳ್ಳಿಗಳ ಪಾಲಿಕೆಯ ಅಧ್ಯಕ್ಷರ ಕುರ್ಚಿಗೆ ಬಂದವರು 753ರಲ್ಲಿ ಬರೀ 18 ಜನ. ಕುರ್ಚಿ ಇದೆ, ಅಧಿಕಾರ ಇನ್ನೊಬ್ಬರ ಕೈಯಲ್ಲಿ. ಗಂಡಂದಿರು ಪಂಚಾಯತಿ ನಡೆಸೋದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಹೋಗಿದ್ದು ಬರ್ದಿಯಾ ಜಿಲ್ಲೆಗೆ. ಲಖನೌ ಕಡೆಯಿಂದ ರೂಪೈಡಿಹಾ ಗಡಿ ದಾಟಿ, ನೇಪಾಲ್‌ಗಂಜ್‌ನಿಂದ ಬಸ್ಸು. ಥಾರೂ ಅನ್ನುವ ಆದಿವಾಸಿ ಜನ ಹೆಚ್ಚಿರುವ, ಗಡಿಗೆ ಅಂಟಿಕೊಂಡ ತರಾಯಿ ಬಯಲು. ಹಿಂದಿ ಬಂದರೆ ಅಲ್ಲಿ ಹೇಗೋ ನಡೆಯುತ್ತದೆ. ತರಬೇತಿಗೆ ಬಂದ ಹುಡುಗಿಯರಲ್ಲಿ ಹಲವರು ಕಮ್‌ಲರಿಗಳಾಗಿದ್ದವರು. ಅಂದರೆ ಚಿಕ್ಕ ವಯಸ್ಸಿನಲ್ಲೇ ಬೇರೆಯವರ ಮನೆಗೆ ಜೀತಕ್ಕೆ ಹೋಗಿ ಬಂದವರು. ಈ ಪದ್ಧತಿಯನ್ನು ಸರ್ಕಾರ 2013ರಲ್ಲಿ ಅಧಿಕೃತವಾಗಿ ರದ್ದು ಮಾಡಿತು.

ಮೊದಲ ತಂಡಕ್ಕೆ ಎಲ್ಲರೂ ಮಾಡುವುದನ್ನೇ ಮಾಡಿದೆವು. ದುಡ್ಡು ಕೊಟ್ಟವರು ಕಳಿಸಿದ ಯೋಜನೆಯೇ ಹಾಗಿತ್ತು. ಹೋಟೆಲ್ ಹಾಲ್, ಫ್ಲೆಕ್ಸ್, ಬ್ಯಾಗು, ಪೆನ್ನು, ಮೂರು ದಿನ ಊಟ, ಭತ್ತೆ. ಮೂವತ್ತು ಚಿಲ್ಲರೆ ಹುಡುಗಿಯರಿಗೆ ಹತ್ತಿರ ಹತ್ತಿರ ನಾಲ್ಕು ಲಕ್ಷ ನೇಪಾಳಿ ರೂಪಾಯಿ ಖರ್ಚಾಯಿತು. ನಮ್ಮ ದುಡ್ಡಲ್ಲಿ ಎರಡೂವರೆ ಲಕ್ಷ ಅನ್ನಿ. ಅಲ್ಲಿನ 160 ನಮ್ಮ 100ಕ್ಕೆ ಸಮ. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಒಬ್ಬಳೂ ವಾರ್ಡ್ ಕಚೇರಿಯ ಮೆಟ್ಟಿಲು ಹತ್ತಿರಲಿಲ್ಲ. ಮೂರ್ನಾಲ್ಕು ಜನರಿಗೆ ಮದುವೆ ಆಗಿತ್ತು. ಒಬ್ಬಳು ಮಾತ್ರ "ದೀದಿ, ಬ್ಯಾಗು ಚೆನ್ನಾಗಿದೆ, ಇನ್ನೂ ಹರಿದಿಲ್ಲ" ಅಂದಳು. ನಾಲ್ಕು ಲಕ್ಷಕ್ಕೆ ಅದೊಂದು ಗಟ್ಟಿ ಫಲ.

ಅದರ ಮೇಲೆ ಕೊರೋನಾ ಲಾಕ್‌ಡೌನ್. ಒಂದು ಕಡೆಯಿಂದ ಅದು ಒಳ್ಳೆಯದೇ ಆಯಿತು, ಹಾಲ್ ಬುಕ್ ಮಾಡುವ ದಾರಿಯೇ ಮುಚ್ಚಿತು. ಫೋನಲ್ಲೇ ಮಾತಾಡುತ್ತಿದ್ದಾಗ ಒಬ್ಬ ದಲಿತ ವಾರ್ಡ್ ಸದಸ್ಯೆ ಸಿಟ್ಟಿನಿಂದ ಒಂದು ಮಾತು ಹೇಳಿದಳು. "ನಾನು ಮೂರು ಕಾಮಗಾರಿಗೆ ಖಜಾಂಚಿ ಅಂತೆ ದೀದಿ. ನನಗೇ ಗೊತ್ತಿಲ್ಲ."

ಕೆಲಸದ ದಿಕ್ಕು ಬದಲಾಗಿದ್ದು ಅಲ್ಲಿಂದ. ನೇಪಾಳದಲ್ಲಿ ಸಣ್ಣ ಕಾಮಗಾರಿಗಳನ್ನು ಉಪಭೋಕ್ತಾ ಸಮಿತಿ ಮಾಡುತ್ತದೆ. ರಸ್ತೆಯೋ ಮೋರಿಯೋ ಯಾರ ಓಣಿಗೆ ಬರುತ್ತದೋ ಆ ಓಣಿಯವರೇ ಏಳರಿಂದ ಹನ್ನೊಂದು ಜನ ಸೇರಿ ಮಾಡಿಸುವ ಸಮಿತಿ. ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಒಬ್ಬಳಾದರೂ ಹೆಂಗಸು ಆಗಿರಬೇಕು. ಬ್ಯಾಂಕ್ ಖಾತೆ ಜಂಟಿ. ಹಾಗಾಗಿ ಕಾನೂನು ತೃಪ್ತಿಪಡಿಸೋಕೆ ಯಾರದೋ ಹೆಂಡತಿ ಹೆಸರು ಬರೆದು, ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಾರೆ. ಗಂಡಸರು ಬೇಡ ಅಂತ ಬಿಸಾಕಿದ ಈ ಕುರ್ಚಿ ನಮಗೆ ಸಾಕು ಅಂದುಕೊಂಡೆ.

ಎರಡನೇ ತಂಡದಿಂದ ಹಾಲ್ ಇಲ್ಲ, ಭತ್ತೆ ಇಲ್ಲ. ಒಬ್ಬೊಬ್ಬ ಹುಡುಗಿಯನ್ನು ಒಂದೊಂದು ಸಮಿತಿಗೆ ಖಜಾಂಚಿಯಾಗಿ ಹಾಕಿಸುವುದೇ ತರಬೇತಿ. ಜಗಳ ಆಗಲಿಲ್ಲ. ಆ ಜಾಗಕ್ಕೆ ಪೈಪೋಟಿಯೇ ಇರಲಿಲ್ಲವಲ್ಲ! ಜಗಳ ಶುರುವಾಗಿದ್ದು ಮೊದಲ ಕಂತು ಬಂದಾಗ.

ಒಂದು ಮೋರಿ ಕೆಲಸ. ಸಮಿತಿ ಅಧ್ಯಕ್ಷರು ಸಂಜೆ ಹೊತ್ತಲ್ಲಿ ಮನೆಗೆ ಬಂದು ಖಾಲಿ ಚೆಕ್ಕು ಮುಂದಿಟ್ಟು "ಬಹಿನಿ (ತಂಗಿ), ಇಲ್ಲೊಂದು ಸಹಿ" ಅಂದರು. ಹುಡುಗಿಗೆ ಇಪ್ಪತ್ತು ವಯಸ್ಸು. ಅವಳು ಒಳಗೆ ಹೋಗಿ ರಿಜಿಸ್ಟರ್ ತಂದಳು. "ದಾಜು (ಅಣ್ಣ), ಜಲ್ಲಿಯ ಬಿಲ್ಲು ತನ್ನಿ, ಅಂಟಿಸಿ ಸಹಿ ಮಾಡ್ತೀನಿ." ಅವರು ನಕ್ಕರು, ಆಮೇಲೆ ಬೈದರು, ಆಮೇಲೆ ಅವಳ ಅಪ್ಪನನ್ನು ಕರೆದರು. ಅಪ್ಪ ಜಗಲಿಯ ಮೇಲೆ ಕೂತು "ನನಗೆ ಓದೋಕೆ ಬರಲ್ಲಪ್ಪ, ಅವಳನ್ನೇ ಕೇಳಿ" ಅಂದುಬಿಟ್ಟ. ಮರುದಿನ ಬಿಲ್ಲು ಬಂತು. ಅದರಲ್ಲಿ ಬರೆದಿದ್ದ ಟ್ರಿಪ್ಪುಗಳಿಗೂ ಬಂದಿದ್ದ ಜಲ್ಲಿಗೂ ತಾಳೆ ಇರಲಿಲ್ಲ. ಟೇಪು ಹಿಡಿದು ರಾಶಿ ಅಳೆಯೋದನ್ನು ಹಿಂದಿನ ವಾರವಷ್ಟೇ ಕಲಿಸಿದ್ದೆವು. ಎರಡು ಟ್ರಿಪ್ಪು ಜಲ್ಲಿ ಮತ್ತೆ ಬಂದು ಬಿತ್ತು. ಆ ಓಣಿಯಲ್ಲಿ ಅವಳ ಹೆಸರು ಗಟ್ಟಿಯಾಗಿದ್ದು ಆ ವಾರ. ಭಾಷಣ ಅವಳಿಗೆ ಇವತ್ತಿಗೂ ಸರಿಯಾಗಿ ಬರಲ್ಲ.

ಕೊನೆಯ ಕಂತು ಬಿಡುಗಡೆಗೆ ಮೊದಲು ಊರ ಜನರ ಮುಂದೆ ಲೆಕ್ಕ ಓದಬೇಕು. ನಮ್ಮ ಜಮಾಬಂದಿ ಥರ. ಅಲ್ಲೂ ಅದು ಬಹಳ ಸಲ ಕಾಗದದ ಮೇಲೇ ಮುಗಿಯುತ್ತದೆ. ನಾವು ಅದನ್ನು ಮೈಕ್ ಹಾಕಿ ಮಾಡಿಸಿದೆವು. ಮೈಕ್ ಬಾಡಿಗೆ ಒಂದೂವರೆ ಸಾವಿರ, ಚಹಾ ಬಿಸ್ಕತ್ತಿಗೆ ಇನ್ನೊಂದು ಸಾವಿರ. ಇಡೀ ಯೋಜನೆಯಲ್ಲಿ ಇದಕ್ಕಿಂತ ಚೆನ್ನಾಗಿ ಖರ್ಚಾದ ದುಡ್ಡು ಬೇರೆ ಇಲ್ಲ. ಲೆಕ್ಕ ಓದಿದ ಹುಡುಗಿ ಮತ ಕೇಳಲು ಹೋದಾಗ ತಾನು ಯಾರು ಅಂತ ಹೇಳಬೇಕಾಗಲಿಲ್ಲ.

ಈಗ ಕಾಗದದ ವಿಷಯ. ತರಬೇತಿ ಅಂತ ಹೊರಟವರು ಬಹಳ ಜನ ಎಡವುವುದೇ ಇಲ್ಲಿ. ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ಪೌರತ್ವ ಪತ್ರ ಇರಬೇಕು, ಅದೇ ಪಾಲಿಕೆಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮದುವೆಯಾದ ಹುಡುಗಿಯ ಹೆಸರು ತವರಿನ ಪಟ್ಟಿಯಲ್ಲಿ, ಬದುಕು ಗಂಡನ ಊರಲ್ಲಿ. ಆಗ ಚುನಾವಣೆ ದಿನಾಂಕ ಘೋಷಣೆಯಾದ ಮೇಲೆ ಪಟ್ಟಿಗೆ ಹೆಸರು ಸೇರಿಸಲು ಬರುತ್ತಿರಲಿಲ್ಲ. ಎಷ್ಟು ಚೆನ್ನಾಗಿ ತಯಾರಾದವಳೂ ಅಲ್ಲಿಗೆ ಹೊರಗೆ. ನಮ್ಮ ತಂಡದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹುಡುಗಿಯರಿಗೆ ಇದರಲ್ಲಿ ಏನಾದರೊಂದು ಕೊರತೆ ಇತ್ತು. ಹಾಗಾಗಿ ಈಗ ನನ್ನ ಮೊದಲ ಪಾಠ ಸಂವಿಧಾನವಲ್ಲ, ಪ್ಲಾಸ್ಟಿಕ್ ಫೈಲು. ವಾರ್ಡಿನ ಸಿಫಾರಸು, ಅಪ್ಪ ಅಮ್ಮನ ಪೌರತ್ವದ ನಕಲು, ಫೋಟೋ, ಎಲ್ಲಾ ಒಂದೇ ಕಡೆ. ಜಿಲ್ಲಾ ಆಡಳಿತ ಕಚೇರಿಗೆ ಓಡಾಡಿದ್ದೇ ಅವರಿಗೆ ಅರ್ಧ ತರಬೇತಿ ಆಯಿತು.

ಇದರಲ್ಲಿ ಒಂದು ಮಜಾ ನಡೆಯಿತು. ಒಬ್ಬಳ ತಾಯಿ ಪೌರತ್ವದ ಕಾಗದ ಕೊಡಲು ಒಪ್ಪಲಿಲ್ಲ. ಮಗಳು ರಾಜಕೀಯ ಅಂತ ಹೋದರೆ ಗಂಡು ಸಿಗಲ್ಲ ಅನ್ನುವ ಭಯ. ಮಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ. ಫೋನ್ ಹಚ್ಚಿ ಕೊಟ್ಟರು. ಆ ಕಡೆಯಿಂದ "ಮೇಡಂ, ಊಟ ಆಯ್ತಾ? ಯಾವೂರು ನಿಮ್ದು?" ಅಂತ ಕನ್ನಡ! ಹತ್ತು ನಿಮಿಷ ಮಾತಾಡಿದೆವು. ಅವನೇ ಅಮ್ಮನಿಗೆ ಹೇಳಿ ಕಾಗದ ಕೊಡಿಸಿದ. ಬರ್ದಿಯಾದಲ್ಲಿ ಕನ್ನಡದಿಂದ ಕೆಲಸ ಮಾಡಿಸಿಕೊಂಡವಳು ನಾನೊಬ್ಬಳೇ ಇರಬೇಕು.

ವಾರದಲ್ಲಿ ಎರಡು ದಿನ ವಾರ್ಡ್ ಕಚೇರಿ ಡ್ಯೂಟಿ. ಗೆದ್ದ ಸದಸ್ಯೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಜನನ ನೋಂದಣಿ, ವಿಧವಾ ಭತ್ತೆ, ಅಭಯಾರಣ್ಯದಿಂದ ಬಂದ ಆನೆ ಗದ್ದೆ ತುಳಿದರೆ ಪರಿಹಾರದ ಅರ್ಜಿ. ಅರ್ಜಿ ಬರೆದುಕೊಡೋದು ಹುಡುಗಿಯ ಕೆಲಸ. ಕಚೇರಿಯ ಕಾರ್ಯದರ್ಶಿ ಮೊದಲು ಮುಖ ಸಿಂಡರಿಸಿದ, ಎರಡು ತಿಂಗಳಲ್ಲಿ ಅವನೇ "ಇವತ್ತು ಯಾಕೆ ಬರಲಿಲ್ಲ?" ಅಂತ ಫೋನ್ ಮಾಡುತ್ತಿದ್ದ.

ಬಜೆಟ್ ಓದೋದು ಇನ್ನೊಂದು. ನೇಪಾಳಿ ಪಂಚಾಂಗದ ಆಷಾಢ 10ರೊಳಗೆ ಪಾಲಿಕೆಯ ಸಭೆಯಲ್ಲಿ ಬಜೆಟ್ ಮಂಡಿಸಬೇಕು ಅಂತ ಕಾನೂನು. ಶ್ರಾವಣದ ಮೊದಲ ದಿನದಿಂದ ಹೊಸ ಲೆಕ್ಕದ ವರ್ಷ. ಅದಕ್ಕೂ ಮೊದಲು ಓಣಿ ಓಣಿಯಲ್ಲಿ ಸಭೆ ಸೇರಿ ಬೇಡಿಕೆ ಪಟ್ಟಿ ಮಾಡಬೇಕು. ಬಹಳ ಕಡೆ ಆ ಪಟ್ಟಿ ಯಾರೋ ಒಬ್ಬರ ಜೇಬಿನಿಂದ ಬರುತ್ತದೆ. ನಮ್ಮ ಹುಡುಗಿಯರು ಹಿಂದಿನ ವರ್ಷದ ಪುಸ್ತಿಕೆಯಲ್ಲಿ "ಮಹಿಳೆ" ಅಂತ ಬಂದ ಸಾಲುಗಳಿಗೆಲ್ಲಾ ಹಳದಿ ಬಣ್ಣ ಬಳಿದರು. ಹೊಲಿಗೆ ತರಬೇತಿ, ತೀಜ್ ಹಬ್ಬದ ಕಾರ್ಯಕ್ರಮ, ಮತ್ತೆ ಹೊಲಿಗೆ ತರಬೇತಿ. "ನಮ್ಮೂರಲ್ಲಿ ಇಷ್ಟೊಂದು ಬಟ್ಟೆ ಯಾರು ಹಾಕ್ತಾರೆ?" ಅಂತ ಒಬ್ಬಳು ಸಭೆಯಲ್ಲೇ ಕೇಳಿದಳು. ಆ ವರ್ಷ ಒಂದು ಹೊಲಿಗೆ ತರಬೇತಿಯ ದುಡ್ಡು ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯ ನೀರಿಗೆ ಹೋಯಿತು.

ಇದರ ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಎಫ್‌ಎಂ ರೇಡಿಯೋದಲ್ಲಿ ವಾರಕ್ಕೊಂದು ಕಾರ್ಯಕ್ರಮ ಸುಮ್ನೆ ದಂಡ, ನಲವತ್ತು ಸಾವಿರ ಹೋಯಿತು, ಕೇಳಿದವರು ಹುಡುಗಿಯರ ಮನೆಯವರೇ. ನ್ಯಾಯಿಕ ಸಮಿತಿಯ ನಾಟಕ ಮಾತ್ರ ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಅಲ್ಲಿ ಉಪಮೇಯರ್ ಆದವರೇ ಮೂವರ ನ್ಯಾಯಿಕ ಸಮಿತಿಗೆ ಮುಖ್ಯಸ್ಥರು. ಗದ್ದೆಯ ಬದು, ಕಾಲುವೆ ನೀರಿನ ಸರದಿ, ಕೊಡದ ಕೂಲಿ, ಮುದಿ ತಂದೆ ತಾಯಿಯ ಪಾಲನೆ, ಎಲ್ಲಾ ಅವರ ಮುಂದೆ ಬರುತ್ತದೆ. ಹುಡುಗಿಯರು ನ್ಯಾಯಾಧೀಶರಾಗಿ ಕೂತರು, ಅತ್ತೆಯರನ್ನು ಕಕ್ಷಿದಾರರಾಗಿ ಕರೆಸಿದೆ. ಒಬ್ಬ ಅತ್ತೆ ನಾಟಕ ಮರೆತು ನಿಜವಾದ ದೂರನ್ನೇ ಹೇಳತೊಡಗಿದಳು! ಅವಳ ಸೊಸೆಯೇ ಪೀಠದಲ್ಲಿದ್ದಳು. ಆಮೇಲೆ ಆ ಮನೆಯಿಂದ ನಮಗೆ ಯಾವ ಅಡ್ಡಿಯೂ ಬರಲಿಲ್ಲ.

ಮಾಘಿಯ ಪ್ರಯೋಗಕ್ಕೆ ಹೆದರಿಕೊಂಡೇ ಕೈ ಹಾಕಿದೆ. ಜನವರಿ ಮಧ್ಯದಲ್ಲಿ ಬರುವ ಥಾರೂ ಹೊಸ ವರ್ಷ ಅದು. ಮನೆಯ ಯಜಮಾನರೆಲ್ಲಾ ಸೇರಿ ಊರಿನ ಬರ್‌ಘರ್, ಅಂದರೆ ಊರ ಮುಖ್ಯಸ್ಥನನ್ನು ಆರಿಸುವುದೂ ಆಗಲೇ. ಹಿಂದೆ ಹುಡುಗಿಯರನ್ನು ಕಮ್‌ಲರಿಯಾಗಿ ಕಳಿಸುವ ಮಾತುಕತೆ ನಡೆಯುತ್ತಿದ್ದುದೂ ಇದೇ ಹಬ್ಬದಲ್ಲಿ. ಅಲ್ಲಿ ಒಬ್ಬ ಹುಡುಗಿ ಎದ್ದು ಊರ ಕಾಲುವೆಯ ಲೆಕ್ಕ ಓದಿದಳು. ಬರ್‌ಘರ್ ಪಟ್ಟ ಕೇಳಲಿಲ್ಲ, ಲೆಕ್ಕ ಮಾತ್ರ. ಹಿರಿಯರು ಢಿಕ್ರಿ (ಅಕ್ಕಿ ಹಿಟ್ಟಿನ ತಿಂಡಿ) ತಿನ್ನುತ್ತಾ ಕೇಳಿದರು, ಯಾರೂ ಏಳಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಟಿಕೆಟ್ ವಿಷಯದಲ್ಲಿ ಕಹಿ ಜಾಸ್ತಿ. ಪಾಲಿಕೆಯ ಮುಖ್ಯಸ್ಥ, ಉಪಮುಖ್ಯಸ್ಥ ಎರಡಕ್ಕೂ ಒಂದೇ ಪಕ್ಷ ಅಭ್ಯರ್ಥಿ ಹಾಕಿದರೆ ಒಬ್ಬಳು ಹೆಂಗಸಾಗಿರಬೇಕು ಅಂತ ಕಾನೂನು. 2022ರಲ್ಲಿ ಪಕ್ಷಗಳು ಮೈತ್ರಿ ಮಾಡಿಕೊಂಡು ಒಂದೊಂದು ಸ್ಥಾನ ಹಂಚಿಕೊಂಡವು. ಒಂದೇ ಸ್ಥಾನಕ್ಕೆ ನಿಂತ ಪಕ್ಷಕ್ಕೆ ಆ ನಿಯಮವೇ ತಾಗುವುದಿಲ್ಲ, ಎರಡೂ ಕಡೆ ಗಂಡಸರೇ. ಇಡೀ ದೇಶದಲ್ಲಿ ಉಪಮುಖ್ಯಸ್ಥೆಯರ ಪಾಲು ನೂರಕ್ಕೆ 90ಕ್ಕೂ ಮೇಲಿದ್ದದ್ದು ಸುಮಾರು 75ಕ್ಕೆ ಇಳಿಯಿತು. ಮುಖ್ಯಸ್ಥೆಯರು 18 ಇದ್ದವರು 25 ಆದರು, ಅದನ್ನೇ ಹಬ್ಬ ಮಾಡಿದರು. ನಮ್ಮ ಹುಡುಗಿಯೊಬ್ಬಳಿಗೆ ಉಪಮೇಯರ್ ಟಿಕೆಟ್ ಕೊಡ್ತೀವಿ ಅಂತ ಹೇಳಿದ್ದ ಪಕ್ಷದವರು ಕೊನೇ ರಾತ್ರಿ ಕೈ ಎತ್ತಿದರು. ಯಾವ ಪಕ್ಷ ಅಂತ ಬೇಡ, ಅವರ ಮನೆ ಬಾಗಿಲಿಗೆ ನಾನು ಮತ್ತೆ ಹೋಗಬೇಕು.

ವಾರ್ಡ್ ಮಟ್ಟದಲ್ಲಿ ಟಿಕೆಟ್ ಹೇಗೆ ಗಿಟ್ಟಿಸಿದೆವು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯೋದಿಲ್ಲ. ಬರೆದರೆ ಮುಂದಿನ ಸಲ ನಡೆಯೋದಿಲ್ಲ. ಇಷ್ಟು ಮಾತ್ರ ಹೇಳ್ತೀನಿ: ಮೂರು ಪಕ್ಷಗಳ ಜೊತೆ ಒಟ್ಟಿಗೆ ಮಾತಾಡುತ್ತಿರಬೇಕು, ಒಬ್ಬರಿಗೆ ಇನ್ನೊಬ್ಬರ ವಿಷಯ ಗೊತ್ತಿರಬೇಕು. ದುಡ್ಡು ಒಂದು ಪೈಸೆ ಕೊಟ್ಟಿಲ್ಲ.

ಪ್ರಚಾರದಲ್ಲಿ ಮತಪತ್ರದ ಪಾಠ ಕೈ ಹಿಡಿಯಿತು. ಅಲ್ಲಿ ಮತಯಂತ್ರ ಇಲ್ಲ. ಒಂದು ದೊಡ್ಡ ಕಾಗದದಲ್ಲಿ ಸ್ವಸ್ತಿಕದ ಮುದ್ರೆಯಿಂದ ಏಳು ಕಡೆ ಒತ್ತಬೇಕು. ಎರಡು ಗೆರೆ ನಡುವೆ ಬಿದ್ದರೆ ಆ ಮತ ಹೋಯಿತು. ಬಹಳ ಜನ ದಲಿತ ಮಹಿಳಾ ಸದಸ್ಯೆಯ ಜಾಗಕ್ಕೆ ತಲುಪುವ ಮೊದಲೇ ಕಾಗದ ಮಡಚಿಬಿಡುತ್ತಾರೆ. ಹುಡುಗಿಯರು "ನಮೂನೆ" ಅಂತ ದೊಡ್ಡದಾಗಿ ಬರೆದ ಹಾಳೆ ಹಿಡಿದು ಸೈಕಲ್ಲಿನಲ್ಲಿ ಮನೆ ಮನೆಗೆ ಹೋಗಿ ಮುದುಕಿಯರ ಕೈಯಲ್ಲಿ ಒತ್ತಿಸಿದರು. ತಮಗೇ ಹಾಕಿ ಅಂತ ಕೇಳುವುದಕ್ಕಿಂತ ಇದು ಸುಲಭ. ಮುದ್ರೆ ಒತ್ತೋದು ಕಲಿಸಿದವಳನ್ನು ಅಜ್ಜಿ ಮರೆಯಲ್ಲ.

ನಿಂತವರು ಒಂದು ಡಜನ್ ಅಂದುಕೊಳ್ಳಿ, ಗೆದ್ದವರು ಎಂಟೋ ಒಂಬತ್ತೋ. ಹೆಚ್ಚಿನವರು ಮಹಿಳಾ ಮತ್ತು ದಲಿತ ಮಹಿಳಾ ಸ್ಥಾನಗಳಲ್ಲಿ. ಮೋರಿಯ ಖಜಾಂಚಿ ಮಾತ್ರ ಮೀಸಲು ಇಲ್ಲದ ಸ್ಥಾನಕ್ಕೆ ನಿಂತು ಗಂಡಸರನ್ನು ಸೋಲಿಸಿದಳು. ಸೋತವರಲ್ಲಿ ಅದೇ ಖಾಲಿ ಚೆಕ್ಕಿನ ದಾಜು ಕೂಡ ಒಬ್ಬರು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ಒಟ್ಟು ಖರ್ಚು ವರ್ಷಕ್ಕೆ ಒಂಬತ್ತು ಲಕ್ಷ ನೇಪಾಳಿ ರೂಪಾಯಿಯ ಆಸುಪಾಸು. ಅದರಲ್ಲಿ ಸ್ಥಳೀಯ ಸಂಯೋಜಕಿಯ ಸಂಬಳವೇ ಮೂರು ಲಕ್ಷ. ಉಳಿದದ್ದು ಜೆರಾಕ್ಸ್, ಮೊಬೈಲ್ ಡೇಟಾ, ಸೈಕಲ್ ರಿಪೇರಿ, ಮೈಕು, ಜಿಲ್ಲಾ ಕಚೇರಿ ಓಡಾಟ. ಜೆರಾಕ್ಸ್ ಖರ್ಚನ್ನು ದುಡ್ಡು ಕೊಟ್ಟವರ ಆಡಿಟರ್ ಒಪ್ಪಲಿಲ್ಲ, "ಇಷ್ಟೊಂದು ಕಾಗದ ಯಾಕೆ?" ಅಂದರು. ಹೋಟೆಲ್ ಬಿಲ್ಲಿಗೆ ಅವರು ಯಾವತ್ತೂ ಪ್ರಶ್ನೆ ಕೇಳಿರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಯುವಕರ ಪ್ರತಿಭಟನೆ ಆಗಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದಾಗ, ದೇಶಕ್ಕೆ ಮೊದಲ ಮಹಿಳಾ ಪ್ರಧಾನಿ ಅಂತ ನಮ್ಮ ವಾಟ್ಸಾಪ್ ಗುಂಪು ಕುಣಿಯಿತು. ಗೆದ್ದವರಲ್ಲಿ ಒಬ್ಬಳು ಮಾತ್ರ "ನಮ್ಮ ವಾರ್ಡಿನ ಮೋರಿಯ ಕೊನೇ ಕಂತು ಇನ್ನೂ ಬಂದಿಲ್ಲ" ಅಂತ ಬರೆದಳು. ಸ್ಥಳೀಯ ಸರ್ಕಾರದ ಅವಧಿ ಐದು ವರ್ಷ, ಅಂದರೆ ಮುಂದಿನ ಚುನಾವಣೆ 2027ಕ್ಕೆ. ಹೊಸ ತಂಡಕ್ಕೆ ಫೈಲು ಹಂಚುವುದು, ಪಟ್ಟಿಯಲ್ಲಿ ಹೆಸರು ನೋಡುವುದು ಶುರು ಮಾಡಿದ್ದೇವೆ. ಮೋರಿಯ ಕಂತಿನ ಬಗ್ಗೆ ಬರೆದವಳೇ ಈಗ ಅವರಿಗೆ ಕಲಿಸುತ್ತಾಳೆ. ಭತ್ತೆ ಕೇಳಿದವರನ್ನು ನನಗಿಂತ ಖಾರವಾಗಿ ವಾಪಸ್ ಕಳಿಸುತ್ತಾಳಂತೆ.