ಮಾತು ಬರುವ ಮುಂಚೆ ಪಾಪು ಜೊತೆ ಮಾತಾಡುವುದು ಹೇಗೆ?

ಪಾಪುಗೆ ಇನ್ನೂ ಮಾತು ಬಂದಿಲ್ಲ ಅಂತ ನಾವು ಸುಮ್ಮನಿರಬಾರದು. ಅಮ್ಮನ ದನಿಯನ್ನು ಅದು ಹೊಟ್ಟೆಯಲ್ಲಿದ್ದಾಗಲೇ ಕೇಳಿಸಿಕೊಂಡಿರುತ್ತದೆ, ಹುಟ್ಟಿದ ಮೇಲೆ ಗುರುತೂ ಹಿಡಿಯುತ್ತದೆ.

ಮೊದಲು, ಮುಖ ಹತ್ತಿರ ತನ್ನಿ. ಹಸುಗೂಸಿಗೆ ಸ್ಪಷ್ಟವಾಗಿ ಕಾಣುವುದು 20–30 ಸೆಂ.ಮೀ. ದೂರದಲ್ಲಿರುವುದು ಮಾತ್ರ. ಹಾಲು ಕುಡಿಸುವಾಗ ಅಮ್ಮನ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ.

ಎರಡನೆಯದು, ಮಾತಾಡಿ, ಆಮೇಲೆ ಕಾಯಿರಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ‘ಏನ್ ಕಂದಾ, ಹೊಟ್ಟೆ ತುಂಬ್ತಾ?’ ಅಂತ ಕೇಳಿ, ನಿಲ್ಲಿಸಿ. ಎರಡು–ಮೂರು ತಿಂಗಳ ಮಗು ‘ಊಂ’ ಅನ್ನುತ್ತದೆ, ಕಾಲು ಒದೆಯುತ್ತದೆ. ಅದೇ ಅದರ ಉತ್ತರ. ‘ಹೌದಾ, ತುಂಬ್ತಾ!’ ಅಂತ ನೀವೂ ಹೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೊನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ಅಮ್ಮಂದಿರು ಸ್ವಲ್ಪ ಹೊತ್ತು ಮುಖದಲ್ಲಿ ಏನೂ ತೋರಿಸದೆ ಕೂರಬೇಕಿತ್ತು. ಮಕ್ಕಳು ನಕ್ಕು ಕರೆದವು. ಅಮ್ಮ ಓಗೊಡದಿದ್ದಾಗ ಸಪ್ಪಗಾಗಿ ಮುಖ ತಿರುಗಿಸಿದವು. ಹಾಗಂತ ಬಾಣಂತಿ ಒಬ್ಬಳೇ ದಿನವಿಡೀ ಮಾತಾಡಬೇಕಿಲ್ಲ. ಅಪ್ಪ, ಅಜ್ಜಿ, ತಾತ ಎಲ್ಲರೂ ಇದ್ದಾರಲ್ವಾ?

ಬೆಂಗಳೂರಿನಲ್ಲಿ ಇನ್ನೊಂದು ಚಿಂತೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಕೆಳಗೆ ಆಡುವ ಮಕ್ಕಳದು ಹಿಂದಿ. ಮಗುವಿಗೆ ಗೊಂದಲವಾಗುತ್ತದೆ ಅಂತ ಹೆದರಬೇಡಿ, ಎಲ್ಲವೂ ಕಿವಿಗೆ ಬೀಳಲಿ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಮಕ್ಕಳು ಹಿಂದಿಯ ‘ತ’ ಮತ್ತು ‘ಟ’ ನಡುವಿನ ವ್ಯತ್ಯಾಸ ಗುರುತಿಸಿದ್ದನ್ನು 1984ರಲ್ಲಿ ಕೆನಡಾದ ಸಂಶೋಧಕರು ದಾಖಲಿಸಿದರು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಕುಂದಿತ್ತು. ಆದರೆ ಟಿವಿ ಹಾಕಿ ಬಿಟ್ಟರೆ ಆಗದು. 2003ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕುಲ್ ಅವರ ಅಧ್ಯಯನದಲ್ಲಿ, ಎದುರಿಗೆ ಕೂತು ಆಡಿಸಿದವರಿಂದ ಒಂಬತ್ತು ತಿಂಗಳ ಮಕ್ಕಳು ಚೀನೀ ಭಾಷೆಯ ಧ್ವನಿಗಳನ್ನು ಕಲಿತವು. ಅದನ್ನೇ ವಿಡಿಯೊದಲ್ಲಿ ನೋಡಿದ ಮಕ್ಕಳು ಕಲಿಯಲಿಲ್ಲ.

ಒಂಬತ್ತು ತಿಂಗಳಾದ ಮೇಲೆ ಪಾಪುವಿನ ಬೆರಳಿನ ಕಡೆ ಗಮನ ಕೊಡಿ. ಬಾಲ್ಕನಿಯಿಂದ ಸೊಪ್ಪಿನ ಗಾಡಿ ತೋರಿಸಿದರೆ ನೀವೂ ಅತ್ತ ನೋಡಿ, ‘ಸೊಪ್ಪು ಬಂತು!’ ಅನ್ನಿ. ಟಾಟಾ ಮಾಡುವುದು, ಎತ್ತಿಕೋ ಅಂತ ಕೈ ಚಾಚುವುದು ಎಲ್ಲವೂ ಮಾತೇ.

ಜೋರು ಸದ್ದಿಗೂ ಬೆಚ್ಚದಿದ್ದರೆ ಅಥವಾ ವರ್ಷವಾದರೂ ತೊದಲದೆ, ಬೆರಳು ತೋರಿಸದೆ ಇದ್ದರೆ ‘ನಿಧಾನವಾಗಿ ಬರುತ್ತೆ ಬಿಡು’ ಅಂತ ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಹುಟ್ಟಿದ ಮೊದಲ ತಿಂಗಳಲ್ಲೇ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು.